ಗ್ಯಾಂಬಿಯೆನ್ಸ್ ಪರಾವಲಂಬಿಯಲ್ಲಿ ವೈವಿಧ್ಯ ಏಕೆ ಕಡಿಮೆ?

ಪ್ರಶ್ನೆ: ನಿದ್ರಾರೋಗ ತರುವ ಟ್ರಿಪನೊಸೋಮಾ ಬ್ರೂಸಿ ಎಂಬ ಏಕಕೋಶ ಪರಾವಲಂಬಿಯ ಎರಡು ಉಪಪ್ರಭೇದಗಳಲ್ಲಿ, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಗ್ಯಾಂಬಿಯೆನ್ಸ್‌ನಲ್ಲಿ ಆನುವಂಶಿಕ ವೈವಿಧ್ಯ ಅಷ್ಟು ಕಡಿಮೆ ಇರುವುದೇಕೆ?

ಉತ್ತರ 1: ಅದರ ಪ್ರಧಾನ ಗುಂಪು ಲೈಂಗಿಕ ಸಂಯೋಗವಿಲ್ಲದೆ ತದ್ರೂಪಿಯಾಗಿಯೇ ವೃದ್ಧಿಸುತ್ತದೆ, ವರ್ಣತಂತುಗಳ ಎರಡು ಪ್ರತಿಗಳು ಪರಸ್ಪರ ಬೆರೆಯದೆ ಪ್ರತ್ಯೇಕವಾಗಿ ಆನುವಂಶಿಕ ಬದಲಾವಣೆಗಳನ್ನು (ಮ್ಯುಟೇಶನ್) ಕೂಡಿಸಿಕೊಂಡಿರುವುದನ್ನು 2016ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವು ತೋರಿಸಿತು. ಪೂರ್ವ ಆಫ್ರಿಕಾದ ರೊಡೆಸಿಯೆನ್ಸ್ ಹಾಗಲ್ಲ: ರೋಗ ಹರಡುವ ತ್ಸೆತ್ಸೆ ನೊಣದ ಲಾಲಾಗ್ರಂಥಿಯಲ್ಲಿ ಅದು ಜಾನುವಾರುಗಳಲ್ಲಿರುವ, ಬ್ರೂಸಿ ಎಂದೇ ಹೆಸರಿರುವ ಮತ್ತೊಂದು ಉಪಪ್ರಭೇದದೊಂದಿಗೆ ಸಂಕರಗೊಳ್ಳಬಲ್ಲದು.

ಉತ್ತರ 2: ಹಾಗಾದರೆ ರೊಡೆಸಿಯೆನ್ಸ್ ಅನ್ನು ಬೇರೆ ಉಪಪ್ರಭೇದವೆಂದು ಕರೆಯುವುದೇ ನನ್ನ ಮಟ್ಟಿಗೆ ಅನುಮಾನಾಸ್ಪದ. ಮನುಷ್ಯರ ರಕ್ತದಲ್ಲಿದ್ದು ಪರಾವಲಂಬಿಯನ್ನು ಕೊಲ್ಲುವ ಪ್ರೋಟೀನನ್ನು ತಡೆಯುವ ಎಸ್‌ಆರ್‌ಎ ಜೀನ್ ಇರುವುದೇ ಅದರ ಮುಖ್ಯ ಗುರುತು.

ಪ್ರಶ್ನಿಸಿದವರು: ವೈವಿಧ್ಯವಿಲ್ಲದ ಗ್ಯಾಂಬಿಯೆನ್ಸ್ ನಮ್ಮ ಪ್ರತಿಕಾಯಗಳನ್ನು ಹೇಗೆ ವಂಚಿಸುತ್ತದೆ?

ಉತ್ತರ 1: ಹೊರಕವಚದ ಪ್ರೋಟೀನಿಗೆ ಅದರಲ್ಲಿ ಬಹುಸಂಖ್ಯೆಯ ಜೀನ್‌ಗಳಿದ್ದು, ಒಮ್ಮೆಗೆ ಒಂದನ್ನು ಮಾತ್ರ ಬಳಸಿ ಆಗಾಗ ಬದಲಿಸುವುದರಿಂದ, ಒಂದೇ ತದ್ರೂಪಿ ತಳಿಯೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದೇಹದಲ್ಲಿ ಉಳಿಯುತ್ತದೆ.