ಕೊಡಗಿನಲ್ಲಿ ಜಿಯೋಕ್ಯಾಶ್ ಇಡಬೇಕು, ಅನುಭವ ಇದ್ದವರು ಹೇಳಿ

ಪ್ರಶ್ನೆ, ಸುಂಟಿಕೊಪ್ಪದಿಂದ

ಬೆಂಗಳೂರಿನಲ್ಲಿ ಎರಡು ವರ್ಷ ಜಿಯೋಕ್ಯಾಶಿಂಗ್ ಆಡಿದ್ದೇನೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೇನೆ. ಯಾರೋ ಒಂದು ಡಬ್ಬಿ (ಇದಕ್ಕೇ ಕ್ಯಾಶ್ ಅನ್ನುವುದು) ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶವನ್ನು ಆಟದ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ನಾವು ಫೋನಿನ ಜಿಪಿಎಸ್ ನೋಡಿಕೊಂಡು ಹುಡುಕುತ್ತೇವೆ. ಸಿಕ್ಕಿದರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದ ಹಾಗೇ ಇಟ್ಟು ಬರುತ್ತೇವೆ. ಈಗ ಊರಿಗೆ ವಾಪಸ್ ಬಂದು ಚಿಕ್ಕಪ್ಪನ ತೋಟ ನೋಡಿಕೊಳ್ಳುತ್ತಿದ್ದೇನೆ. ಇಲ್ಲಿ ನನ್ನದೇ ಒಂದು ಡಬ್ಬಿ ಇಡುವ ಆಸೆ. ಚಿಕ್ಕಮ್ಮ ಮಾತ್ರ "ತೋಟದೊಳಗೆ ಡಬ್ಬಿ ಇಟ್ಟು ಊರೋರಿಗೆಲ್ಲ ದಾರಿ ಹೇಳಿಕೊಡ್ತೀಯಾ?" ಎನ್ನುತ್ತಿದ್ದಾರೆ. ನಿಯಮಗಳನ್ನು ಓದಿದ್ದೇನೆ. ಅದರಲ್ಲಿ ಇಲ್ಲದ್ದು ಬೇಕು.

ಮಡಿಕೇರಿಯಿಂದ

ಮೊದಲು ನನ್ನ ಮರ್ಯಾದೆ ಹೋದ ಕಥೆ ಹೇಳಿಬಿಡ್ತೇನೆ. ಈ ಆಟ ಗೊತ್ತಿಲ್ಲದವರನ್ನು ಆಡುವವರು 'ಮಗಲ್' ಅನ್ನುತ್ತಾರೆ. ಮಗಲ್‌ಗಳ ಕಣ್ಣಿಗೆ ಬೀಳದ ಹಾಗೆ ಹುಡುಕಬೇಕು ಅನ್ನೋದು ಎಲ್ಲ ಕಡೆ ಇರುವ ರೂಢಿ. ದೊಡ್ಡ ಊರಲ್ಲಿ ಅದು ಸುಲಭ. ಫೋನ್ ಕಿವಿಗೆ ಇಟ್ಟುಕೊಂಡು ಅಡ್ಡಾಡಿದರೆ ಯಾರೂ ತಿರುಗಿ ನೋಡಲ್ಲ. ನಾನು ಗಾಳಿಬೀಡು ರಸ್ತೆಯಲ್ಲಿ ಒಂದು ಮೋರಿಯ ಪಕ್ಕ ಬಗ್ಗಿಕೊಂಡು ಹುಡುಕುತ್ತಿದ್ದೆ. ಒಬ್ಬರು ಜೀಪ್ ನಿಲ್ಲಿಸಿ "ಏನ್ ಹುಡುಕ್ತಾ ಇದ್ದೀರಾ?" ಅಂದರು. ಬಾಯಿಗೆ ಬಂದ ಸುಳ್ಳು ಹೇಳಿದೆ: "ಬೈಕ್ ಕೀ ಬಿದ್ದೋಯ್ತು."

ಅವರು ಇಳಿದರು. ಜೀಪಿನಲ್ಲಿದ್ದ ಇನ್ನಿಬ್ಬರೂ ಇಳಿದರು. ಆ ಕಡೆಯಿಂದ ಹಾಲಿನ ಕ್ಯಾನ್ ಹಿಡಿದು ಬರುತ್ತಿದ್ದ ಅಜ್ಜನೂ ಸೇರಿಕೊಂಡರು. ಯಾರೋ ಕತ್ತಿ ತಂದು ಮೋರಿಯ ಸುತ್ತ ಗಿಡಗಂಟೆ ಸವರಿದರು. ಮುಕ್ಕಾಲು ಗಂಟೆ ಹೀಗೇ ನಡೆಯಿತು. ಕೀ ನನ್ನ ಜೇಬಿನಲ್ಲೇ ಚುಚ್ಚುತ್ತಿತ್ತು. ಕೊನೆಗೆ ಅಜ್ಜ ಬಂದು "ಕೀ ಇಲ್ಲ ಮಗ, ಈ ಡಬ್ಬಿ ಒಂದು ಸಿಕ್ತು ನೋಡು" ಅಂತ ಕ್ಯಾಶನ್ನೇ ತಂದು ಕೈಗೆ ಕೊಟ್ಟರು.

ವೆಬ್‌ಸೈಟಿನ ಲಾಗ್‌ನಲ್ಲಿ ನಡೆದದ್ದು ನಡೆದ ಹಾಗೇ ಬರೆದೆ. ಡಬ್ಬಿ ಇಟ್ಟವರು ಬೈಯಲಿಲ್ಲ. "ಚೀಟಿಯಲ್ಲಿ ಅಜ್ಜನ ಹೆಸರೂ ಬರೆಯಬೇಕಿತ್ತು" ಅಂದರು, ಆಮೇಲೆ ಜಾಗ ಬದಲಿಸಿದರು. ನಾನು ಹೇಳೋದು ಇಷ್ಟೇ. ನಮ್ಮ ಕಡೆ ರಸ್ತೆಬದಿ ಒಬ್ಬರು ಬಗ್ಗಿ ನಿಂತರೆ ಯಾರೂ ಸುಮ್ನೆ ಹೋಗುವುದಿಲ್ಲ. ಯಾರಾದರೂ ಕೇಳಿದರೆ ನಿಜ ಹೇಳಲು ತೊಂದರೆ ಇಲ್ಲದ ಜಾಗದಲ್ಲಿ ಇಡಿ.

ಸಿದ್ದಾಪುರದಿಂದ

ನಾನು ಈ ಆಟದವನಲ್ಲ. ನನ್ನ ತೋಟದಲ್ಲಿ ಇಂಥದ್ದೊಂದು ಡಬ್ಬಿ ಸಿಕ್ಕಿತ್ತು, ಅಷ್ಟೇ ನನ್ನ ಅರ್ಹತೆ.

ಮೆಣಸು ಕೊಯ್ಯುವ ಹೊತ್ತು. ಏಣಿ ಇಡಲು ಹೋದ ಆಳಿಗೆ ಸಿಲ್ವರ್ ಓಕ್ ಬುಡದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಒಳಗೆ ಬೆರಳುದ್ದದ ಗೊಂಬೆ, ಯಾವುದೋ ದೇಶದ ಎರಡು ನಾಣ್ಯ, ಕೆಂಪು ದಾರ, ಸುರುಳಿ ಸುತ್ತಿದ ಚೀಟಿ. ಚೀಟಿಯ ತುಂಬ ಹೆಸರುಗಳು, ಒಂದೊಂದು ಹೆಸರಿನ ಮುಂದೆ ಒಂದೊಂದು ತಾರೀಕು. ನೀವೇ ಹೇಳಿ, ಏನು ಅಂದುಕೊಳ್ಳಬೇಕು? "ಮಾಟ" ಅಂದರು. ಸಂಜೆಯೊಳಗೆ ಕೆಲಸದವರ ಲೈನ್ ಮನೆಗಳಿಗೆಲ್ಲ ಸುದ್ದಿ ಹೋಯಿತು. ಎರಡು ದಿನ ಆ ಕಡೆ ಒಬ್ಬರೂ ಕಾಲಿಡಲಿಲ್ಲ. ಮೆಣಸು ಹಣ್ಣಾಗಿ ಉದುರುತ್ತಿದೆ, ತೋಟದ ಲೆಕ್ಕಪತ್ರ ನೋಡುವ ನಮ್ಮ ರೈಟರ್ ಮಂತ್ರವಾದಿಯನ್ನು ಕರೆಸೋಣ ಅನ್ನುತ್ತಿದ್ದಾನೆ. ಕೊನೆಗೆ ಮಗಳಿಗೆ ಫೋಟೊ ಕಳಿಸಿದೆ. ಅವಳು ಹೊಟ್ಟೆ ಹಿಡಿದು ನಕ್ಕು ವಿಷಯ ಹೇಳಿದಳು. ಇಟ್ಟವರು ಪಕ್ಕದ ಹೋಂಸ್ಟೇಗೆ ಬಂದಿದ್ದವರು. ಹೋಂಸ್ಟೇ ಜಾಗ ಎಲ್ಲಿಗೆ ಮುಗಿಯುತ್ತದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಹಾಗಾಗಿ ನೋಡಪ್ಪಾ, ತೋಟದ ಯಜಮಾನರು ಹೂಂ ಅಂದರೆ ಸಾಲದು. ರೈಟರ್, ಮೇಸ್ತ್ರಿ, ದಿನಾ ಆ ದಾರಿಯಲ್ಲಿ ನಡೆಯುವ ಹೆಂಗಸರು, ಎಲ್ಲರಿಗೂ ಡಬ್ಬಿ ಬಿಚ್ಚಿ ತೋರಿಸು. ಆ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಚೀಟಿ ಅಂಟಿಸಿದ್ದರು, ಯಾರು ಓದಬೇಕು? "ಇದು ಆಟದ ಡಬ್ಬಿ, ಇಲ್ಲೇ ಇರಲಿ" ಅಂತ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರಿ. ಮೆಣಸಿನ ಬಳ್ಳಿ ಹಬ್ಬಿದ ಮರ ಬೇಡವೇ ಬೇಡ, ಹುಡುಕುವವರು ಬಳ್ಳಿಗೇ ಕೈ ಹಾಕುತ್ತಾರೆ. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿರುವಾಗ ಗಿಡಗಳ ಮಧ್ಯೆ ನುಗ್ಗುವವರನ್ನು ಕಂಡರೆ ನನಗಂತೂ ಮೈ ಉರಿಯುತ್ತದೆ. ರಾತ್ರಿ ಟಾರ್ಚ್ ಹಿಡಿದು ಹುಡುಕುವುದೂ ಉಂಟಂತೆ. ಇಲ್ಲಿ ಹಲಸಿನ ಕಾಲದಲ್ಲಿ ಆನೆ ಅಂಗಳಕ್ಕೇ ಬರುತ್ತದೆ. ಹಗಲಲ್ಲಿ ಮಾತ್ರ ಬರಬೇಕು ಅಂತ ಮೊದಲ ಸಾಲಿನಲ್ಲೇ ಹಾಕು.

ವಿರಾಜಪೇಟೆಯಿಂದ

ಸಿದ್ದಾಪುರದ ಅಂಕಲ್, ಆ ಗೊಂಬೆ, ನಾಣ್ಯ ಎಲ್ಲ ಅದಲುಬದಲಿಗೆ ಇಡುವ ಸಾಮಾನು. ಒಂದು ತೆಗೆದುಕೊಂಡರೆ ಅಷ್ಟೇ ಬೆಲೆಯದ್ದೋ ಜಾಸ್ತಿ ಬೆಲೆಯದ್ದೋ ಇಡಬೇಕು. ಬಸ್ ಟಿಕೆಟ್ ಇಟ್ಟು ಕೀಚೈನ್ ಎತ್ತುವವರನ್ನೂ ನೋಡಿದ್ದೇನೆ. ಆದರೆ ಕೆಂಪು ದಾರ ಹಾಕಿದವರಿಗೆ ನನ್ನದೂ ಒಂದು ನಮಸ್ಕಾರ.

ತಿನ್ನುವುದು ಮಾತ್ರ ಏನೂ ಇಡಬೇಡಿ. ಚಾಕಲೇಟ್ ಇಟ್ಟ ಡಬ್ಬಿಯನ್ನು ಕೋತಿಗಳು ಹೇಗೆ ಬಿಚ್ಚಿದವು ಅಂತ ಕೇಳಬೇಡಿ, ಮುಚ್ಚಳ ಇವತ್ತಿಗೂ ಸಿಕ್ಕಿಲ್ಲ. ತಮಾಷೆ ಏನೆಂದರೆ, 2000ದ ಮೇ 3ರಂದು ಅಮೆರಿಕದ ಆರೆಗಾನ್‌ನಲ್ಲಿ ಡೇವ್ ಅಲ್ಮರ್ ಇಟ್ಟ ಮೊಟ್ಟಮೊದಲ ಬಕೆಟ್‌ನಲ್ಲಿ ಬೀನ್ಸ್ ಡಬ್ಬ ಇತ್ತು. ಬಕೆಟನ್ನು ಅರ್ಧ ಹೂತೂ ಇಟ್ಟಿದ್ದರು. ಈಗ ನೆಲ ಅಗೆಯುವ ಹಾಗಿಲ್ಲ, ತಿಂಡಿ ಇಡುವ ಹಾಗಿಲ್ಲ. ಇವತ್ತು ಕಳಿಸಿದ್ದರೆ ಅದನ್ನು ಹೊಸ ಕ್ಯಾಶ್‌ಗಳನ್ನು ಪರಿಶೀಲಿಸುವ ರಿವ್ಯೂವರ್ ವಾಪಸ್ ಕಳಿಸುತ್ತಿದ್ದರು.

ಸುಳಿವಿನ ಬಗ್ಗೆಯೂ ಒಂದು ಮಾತು. ದಯವಿಟ್ಟು "ಮರದ ಬುಡದಲ್ಲಿ" ಅಂತ ಬರೆಯಬೇಡಿ. ಕೊಡಗಿನಲ್ಲಿ! ಮರಗಳ ಕೆಳಗೆ ಜಿಪಿಎಸ್ ಹದಿನೈದು ಇಪ್ಪತ್ತು ಮೀಟರ್ ಆಚೀಚೆ ಓಡುತ್ತದೆ, ಅಷ್ಟರಲ್ಲಿ ನಲವತ್ತು ಬುಡ ಇರುತ್ತವೆ, ಕಾಲಿಗೆ ಜಿಗಣೆ ಬೇರೆ. ಇನ್ನೊಂದು ಗಮ್ಮತ್ತು ನೋಡಿ. ಸುಳಿವನ್ನು ಗೂಢ ಮಾಡುವ ರಾಟ್13 ಅನ್ನೋದು ಇಂಗ್ಲಿಷಿನ 26 ಅಕ್ಷರಗಳನ್ನು 13 ಮನೆ ಮುಂದಕ್ಕೆ ತಳ್ಳುವ ಲೆಕ್ಕ. ಕನ್ನಡ ಅಕ್ಷರವನ್ನು ಅದು ಮುಟ್ಟುವುದೇ ಇಲ್ಲ. ಕನ್ನಡದಲ್ಲಿ ಬರೆದರೆ ಗುಟ್ಟು ಬಯಲಿನಲ್ಲೇ ಇರುತ್ತದೆ. ಹಾಗಾಗಿ ನಾನು ಒಗಟಿನ ಥರ ಬರೆಯುತ್ತೇನೆ.

ಮತ್ತೆ, ಸಿಗದಿದ್ದರೆ ಡಿಎನ್ಎಫ್ (ಡಿಡ್ ನಾಟ್ ಫೈಂಡ್) ಅಂತ ಹಾಕಲು ಹುಡುಕುವವರು ನಾಚಿಕೆ ಪಡಬಾರದು. ನಾಲ್ಕು ಜನ ಸಾಲಾಗಿ ಸಿಗಲಿಲ್ಲ ಅಂತ ಬರೆದರೇ ಇಟ್ಟವರಿಗೆ ಡಬ್ಬಿ ಹೋಗಿದೆ ಅಂತ ಗೊತ್ತಾಗುವುದು. ಕೆಲವರು ಜೇಬಿನಿಂದ ಹೊಸ ಡಬ್ಬಿ ಎಸೆದು "ಸಿಕ್ತು" ಅಂತ ಬರೆದು ಹೋಗುತ್ತಾರೆ. ಸಹಾಯ ಮಾಡಿದೆವು ಅಂದುಕೊಂಡಿರುತ್ತಾರೆ. ಆಮೇಲೆ ಒಂದೇ ಜಾಗದಲ್ಲಿ ಎರಡು ಡಬ್ಬಿ, ಎರಡು ಚೀಟಿ, ಜಗಳ.

ಮಾದಾಪುರದಿಂದ

ಇಟ್ಟ ಮೇಲೆ ಏನು ಅಂತ ಯಾರೂ ಹೇಳಲಿಲ್ಲ. ಡಬ್ಬಿ ಇಡುವುದು ಒಂದು ದಿನದ ಕೆಲಸ, ನೋಡಿಕೊಳ್ಳುವುದು ವರ್ಷವಿಡೀ. ನಮ್ಮ ಮಳೆಗೆ ಮಾಮೂಲಿ ಟಿಫನ್ ಡಬ್ಬಿ ಒಂದು ವಾರವೂ ತಡೆಯಲ್ಲ. ಮುಚ್ಚಳಕ್ಕೆ ರಬ್ಬರ್ ಇದ್ದು ನಾಲ್ಕೂ ಕಡೆ ಲಾಕ್ ಆಗುವಂಥದ್ದು ತನ್ನಿ. ಒಳಗೆ ಜಿಪ್ ಕವರ್, ಅದರೊಳಗೆ ಚೀಟಿ. ಪೆನ್ನು ಬೇಡ, ಪೆನ್ಸಿಲ್ ಇಡಿ. ತೇವದ ಕಾಗದದ ಮೇಲೂ ಬರೆಯುತ್ತದೆ. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 'ತಾತ್ಕಾಲಿಕವಾಗಿ ಬಂದ್' ಅಂತ ಹಾಕಿ ಡಬ್ಬಿ ಮನೆಗೆ ತರುತ್ತೇನೆ. ಏಪ್ರಿಲ್‌ನಲ್ಲಿ ಅಜ್ಜಿಯೂ ನಡೆಯಬಹುದಾದ ದಾರಿ ಜುಲೈನಲ್ಲಿ ತೋಡಾಗಿರುತ್ತದೆ.

ಇಳಿಜಾರಿನಲ್ಲಿ ಇಡಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡಗಳು ಜಾರಿದವಲ್ಲ, ನನ್ನ ಮೊದಲ ಡಬ್ಬಿ ಆ ಕಡೆಯ ಒಂದು ದಿಬ್ಬದ ಮೇಲಿತ್ತು. ಮಳೆ ನಿಂತು ಎಷ್ಟೋ ದಿನದ ಮೇಲೆ ಹೋದೆ. ಫೋನ್ ಇನ್ನು 6 ಮೀಟರ್ ಅಂತ ತೋರಿಸುತ್ತಿತ್ತು. ಆ ಆರು ಮೀಟರ್‌ನಲ್ಲಿ ನೆಲ ಇರಲಿಲ್ಲ. ಅಲ್ಲೇ ಒಬ್ಬರು ತಮ್ಮ ಗದ್ದೆ ಎಲ್ಲಿತ್ತು ಅಂತ ನೋಡುತ್ತಾ ನಿಂತಿದ್ದರು. ನೀವ್ಯಾಕೆ ಬಂದಿರಿ ಅಂದರು. ಡಬ್ಬಿ ನೋಡಲು ಅಂತ ಹೇಳಲು ಬಾಯಿ ಬರಲಿಲ್ಲ. ಅವತ್ತು ರಾತ್ರಿಯೇ ಆ ಕ್ಯಾಶನ್ನು ಶಾಶ್ವತವಾಗಿ ಮುಚ್ಚಿದೆ.

ನಾಪೋಕ್ಲುವಿನಿಂದ

ದೇವರಕಾಡಿನೊಳಗೆ ಬೇಡ. ಜಿಲ್ಲೆಯಲ್ಲಿ ಸಾವಿರಕ್ಕೂ ಜಾಸ್ತಿ ಇವೆ, ಎಲ್ಲದಕ್ಕೂ ಬೋರ್ಡ್ ಇರಲ್ಲ. ಊರ ಹಿರಿಯರನ್ನು ಕೇಳಿ. ಐನ್‌ಮನೆ (ಕೊಡವ ಕುಟುಂಬದ ಮೂಲಮನೆ), ಕೈಮಡ (ಹಿರಿಯರ ಗುಡಿ) ಇವುಗಳ ಹತ್ತಿರವೂ ಬೇಡ.

ಸುಂಟಿಕೊಪ್ಪದಿಂದ, ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಮರದ ಬುಡದ ಯೋಚನೆ ಬಿಟ್ಟೆ. ಗೇಟಿನ ಹೊರಗೆ ಹಳೇ ಕಲ್ಲುಕಟ್ಟೆ ಇದೆ, ಅದರ ಸಂದಿಯಲ್ಲಿ ಇಡುತ್ತೇನೆ. ತೋಟದೊಳಗೆ ಯಾರೂ ಬರಬೇಕಾಗಿಲ್ಲ. ಹತ್ತಿರದ ಇನ್ನೊಂದು ಕ್ಯಾಶ್ 161 ಮೀಟರ್‌ಗಿಂತ ಎಷ್ಟೋ ದೂರ ಇದೆ, ಎರಡು ಕ್ಯಾಶ್ ನಡುವೆ ಅಷ್ಟಾದರೂ ಅಂತರ ಇರಬೇಕು ಅನ್ನುವ ನಿಯಮದ ಚಿಂತೆಯೂ ಇಲ್ಲ. ನಿನ್ನೆ ರೈಟರ್‌ಗೂ ಕೆಲಸದವರಿಗೂ ಡಬ್ಬಿ ತೋರಿಸಿದೆ. ಒಬ್ಬಾಕೆ "ಇಷ್ಟಕ್ಕೆ ಬೆಂಗಳೂರಿಂದ ಬರ್ತಾರಾ?" ಅಂದರು. ಹೌದು ಅಂದೆ. ಅವರು ನನ್ನನ್ನೇ ನೋಡಿ ನಕ್ಕರು.

ಚಿಕ್ಕಮ್ಮ ಒಪ್ಪಿದ್ದಾರೆ. ಒಂದೇ ಕಷ್ಟ. ನಾನು ಸ್ನಾನಕ್ಕೆ ಹೋದಾಗ ಡಬ್ಬಿ ಬಿಚ್ಚಿ ಚೀಟಿಯ ಮೊದಲ ಸಾಲಿನಲ್ಲಿ ತಮ್ಮ ಹೆಸರು, ತಾರೀಕು ಬರೆದುಬಿಟ್ಟಿದ್ದಾರೆ. ಮೊದಲು ಕಂಡವರಿಗೆ ಸಿಗುವ ಎಫ್‌ಟಿಎಫ್ ಈಗ ಯಾರದ್ದು?

ಮಡಿಕೇರಿಯಿಂದ

ಚಿಕ್ಕಮ್ಮನದ್ದೇ. ಪ್ರಕಟವಾದ ದಿನವೇ ನಾನು ಎರಡನೆಯವನಾಗಿ ಬರ್ತೇನೆ. ಕೀ ಜೇಬಲ್ಲೇ ಇದೆ ಅಂತ ಅವರಿಗೆ ಮೊದಲೇ ಹೇಳಿಟ್ಟಿರಿ.