ಸ್ಟೌಟ್ (ಕಪ್ಪು ಬಿಯರ್): ಸಾಂದ್ರತೆ 1.052 ಬರಬೇಕಿತ್ತು, 1.041ಕ್ಕೇ ನಿಂತಿದೆ. ಕಾಳಿನ ಸಕ್ಕರೆ ಎಲ್ಲಿ ಉಳೀತು?

ಕರಿಹಂಡೆ:
ಇರೋದು ಗ್ಲಾಸ್ಗೋದಲ್ಲಿ, ನಲ್ಲಿ ನೀರೇ ಬಳಸಿದ್ದು. 20 ಲೀಟರ್ ಸ್ಟೌಟ್‌ಗೆ ಮಾರಿಸ್ ಆಟರ್ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ತಿಳಿ ಬಣ್ಣದ ಬಾರ್ಲಿ) 4 ಕೆಜಿ, ಹುರಿದ ಬಾರ್ಲಿ 500 ಗ್ರಾಂ, ಚಾಕೊಲೇಟ್ ಮಾಲ್ಟ್ 250 ಗ್ರಾಂ, ಅವಲಕ್ಕಿ ಥರ ಒತ್ತಿದ ಬಾರ್ಲಿ 400 ಗ್ರಾಂ. ಕಾಳು ಅಂಗಡಿಯಲ್ಲೇ ಒಡೆಸಿದ್ದು. 15 ಲೀಟರ್ ನೀರಲ್ಲಿ 66 ಡಿಗ್ರಿ, 60 ನಿಮಿಷ ಮ್ಯಾಶ್ (ಹಿಟ್ಟು ಸಕ್ಕರೆಯಾಗಲು ಬಿಸಿನೀರಲ್ಲಿ ನೆನೆಸೋದು). ಜಿಪ್ಸಮ್ 5 ಗ್ರಾಂ, ಲ್ಯಾಕ್ಟಿಕ್ ಆಸಿಡ್ 4 ಮಿ.ಲೀ. ಹಾಕಿದೆ, ಪಿಎಚ್ 5.1 ತೋರಿಸಿತು. ಆಮೇಲೆ 16 ಲೀಟರ್ ಬಿಸಿನೀರು ಒಂದೇ ಸಲ ಸುರಿದು ತೊಳೆದೆ. ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ಇಳಿಸಿದ್ದು ವರ್ಟ್ (ಕಾಳಿನಿಂದ ಬಸಿದ ಸಿಹಿ ನೀರು) 20 ಡಿಗ್ರಿಗೆ ಆರಿದ ಮೇಲೆಯೇ. ಮುಂದಿನ ಸಲ ಹುರಿದ ಬಾರ್ಲಿಯನ್ನ ಇನ್ನೂ ನುಣ್ಣಗೆ ಬೀಸಿದರೆ ಸಕ್ಕರೆ ಹೆಚ್ಚುತ್ತಾ? ಯೀಸ್ಟ್ ಇನ್ನೂ ಹಾಕಿಲ್ಲ.

ನುಚ್ಚುರವೆ:
ಹುರಿದ ಬಾರ್ಲಿಯನ್ನ ಬೀಸಬೇಡಿ. ಅಷ್ಟು ಕಪ್ಪಾಗೋವರೆಗೆ ಹುರಿದ ಕಾಳಲ್ಲಿ ಕಿಣ್ವ ಉಳಿದಿರಲ್ಲ. ನುಣ್ಣಗೆ ಮಾಡಿದರೆ ಬರೋದು ಸುಟ್ಟ ಕಹಿ. ನಿಮ್ಮ ಸಕ್ಕರೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬರಬೇಕಿರೋದು ಪೇಲ್ ಮಾಲ್ಟ್‌ನಿಂದ. ಲೆಕ್ಕ ನೋಡಿ (1.041 ಅಂದರೆ ಲೀಟರಿಗೆ 41 ಪಾಯಿಂಟ್): ಪೇಲ್ ಮಾಲ್ಟ್ ಕೆಜಿಗೆ ಸುಮಾರು 300 ಪಾಯಿಂಟ್, ನಾಲ್ಕಕ್ಕೆ 1200. ಉಳಿದದ್ದು ಸೇರಿ ಹತ್ತಿರಹತ್ತಿರ 1500. ನಿಮಗೆ ಸಿಕ್ಕಿದ್ದು 41 ಸಲ 20, ಅಂದರೆ 820. ಶೇ. 55 ಆಯ್ತು, 70 ಆಗಬೇಕಿತ್ತು.

ಮೊದಲ ಅನುಮಾನ ಒಡೆದ ರೀತಿಯ ಮೇಲೆ. ಮ್ಯಾಶ್ ಮಾಡಿ ಉಳಿದ ಕಾಳಿನ ಹಿಂಡಿ ಇನ್ನೂ ಇದ್ದರೆ ಒಂದು ಹಿಡಿ ತಟ್ಟೆ ಮೇಲೆ ಹರಡಿ, 100 ಪೇಲ್ ಕಾಳು ಎಣಿಸಿ. ಸಿಪ್ಪೆ ಹೆಚ್ಚುಕಡಿಮೆ ಇಡಿಯಾಗಿ ಬಿಚ್ಚಿಕೊಂಡು, ಒಳಗಿನ ಬೀಜ ಮೂರು-ನಾಲ್ಕು ಚೂರಾಗಿರಬೇಕು. ಅಕ್ಕಿ ನುಚ್ಚಿನ ಹದ. ಇಡೀ ಕಾಳು ಎಷ್ಟು ಉಳಿದಿವೆ?

ಕರಿಹಂಡೆ:
ಎಣಿಸಿದೆ, 14 ಇಡೀ ಕಾಳು. ಉಗುರಲ್ಲಿ ಒತ್ತಿದರೆ ಒಳಗೆ ಬೆಳ್ಳಗೆ ಹಿಟ್ಟು ಹಾಗೇ ಇದೆ.

ನುಚ್ಚುರವೆ:
ಅಲ್ಲೇ ಇದೆ ನಿಮ್ಮ ಸಕ್ಕರೆಯ ದೊಡ್ಡ ಪಾಲು. ಎರಡು ಸಲ ಒಡೆಸಿ, ಇಲ್ಲವೇ ಗಿರಣಿಯ ರೋಲರ್ ಅಂತರವನ್ನ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಇಟ್ಟು 1 ಮಿ.ಮೀ.ಗೆ ತನ್ನಿ. 0.9ಕ್ಕಿಂತ ಕೆಳಗೆ ಬೇಡ. ಒತ್ತಿದ ಬಾರ್ಲಿ ಗಂಜಿಯಂತೆ ಅಂಟಾಗುತ್ತೆ, ಸಿಪ್ಪೆಯೂ ಪುಡಿಯಾಗಿದ್ದರೆ ಪಾತ್ರೆಯ ನಲ್ಲಿ ಕಟ್ಟಿಕೊಳ್ಳುತ್ತೆ. ತೊಳೆದ ಭತ್ತದ ಹೊಟ್ಟು 200 ಗ್ರಾಂ ಬೆರೆಸಿದರೆ ಸಲೀಸಾಗಿ ಸೋಸುತ್ತೆ. ಕಾಳು ಸುರಿಯುವಾಗ ಮುದ್ದೆಗೆ ತೊಳಸಿದ ಹಾಗೆ ತಳದಿಂದ ತಿರುವಿ. ಗಂಟು ಉಳಿದರೆ ಅದರೊಳಗಿನ ಹಿಟ್ಟಿಗೆ ನೀರೇ ತಾಗಲ್ಲ.

ಕಲ್ಲುನೀರು:
ಆ ಲ್ಯಾಕ್ಟಿಕ್ ಆಸಿಡ್ ತಿಳಿ ಬಣ್ಣದ ಬಿಯರ್‌ನ ರೆಸಿಪಿಯಿಂದ ಬಂದಿರಬೇಕು. ಸ್ಟೌಟ್‌ಗೆ ಬೇಡ. ಗ್ಲಾಸ್ಗೋಗೆ ಬರೋದು ಲಾಕ್ ಕ್ಯಾಟ್ರಿನ್ ಕೆರೆಯ ನೀರು, ತುಂಬಾ ಮೆದು, ಹುಳಿಯನ್ನ ತಡೆಯೋ ಬೈಕಾರ್ಬನೇಟ್ ಅದರಲ್ಲಿ ಇಲ್ಲದಷ್ಟು ಕಡಿಮೆ. ಕಪ್ಪು ಕಾಳೇ ಪಿಎಚ್ ಇಳಿಸುತ್ತೆ, ಜಿಪ್ಸಮ್ ಇನ್ನಷ್ಟು ಇಳಿಸುತ್ತೆ, ಅದರ ಮೇಲೆ ನಿಮ್ಮ ಆಸಿಡ್. ಲಂಡನ್ನಿನ ಸುಣ್ಣದ ನೀರಲ್ಲಿ ಪೋರ್ಟರ್ (ಇನ್ನೊಂದು ಕಪ್ಪು ಬಿಯರ್) ಚೆನ್ನಾಗಿ ಕೂರೋದು ಇದೇ ಕಾರಣಕ್ಕೆ. ಆರಿಸಿದ ಸ್ಯಾಂಪಲ್‌ನಲ್ಲಿ ಪಿಎಚ್ 5.3ರಿಂದ 5.5 ಇರಲಿ. ಆಸಿಡ್ ಬಿಟ್ಟು ನೋಡಿ. ಆಗಲೂ 5.2ಕ್ಕಿಂತ ಕೆಳಗಿದ್ದರೆ ಅಡುಗೆ ಸೋಡ 1 ಗ್ರಾಂ ಹಾಕಿ, ಕಲಕಿ, ಮತ್ತೆ ಅಳೆಯಿರಿ.

16 ಲೀಟರ್ ಒಂದೇ ಸಲ ಸುರಿದದ್ದೂ ನಷ್ಟವೇ. ಮೊದಲ ವರ್ಟ್ ಪೂರ್ತಿ ಬಸಿಯಿರಿ. ಕಾಳು ಕೆಜಿಗೆ ಸುಮಾರು 1 ಲೀಟರ್ ಹೀರಿಕೊಂಡು ನಿಮಗೆ 10 ಲೀಟರ್ ಸಿಗುತ್ತೆ. ಆಮೇಲೆ 75 ಡಿಗ್ರಿಯ ನೀರು 8 ಲೀಟರ್ ಹಾಕಿ, ತಿರುವಿ, 10 ನಿಮಿಷ ಬಿಡಿ. ಮೊದಲ 2 ಲೀಟರ್ ವಾಪಸ್ ಮೇಲಕ್ಕೆ ಸುರಿದು, ತಿಳಿಯಾದ ಮೇಲೆ ನಿಧಾನಕ್ಕೆ ಬಸಿಯಿರಿ. ಉಳಿದ 8 ಲೀಟರಿಗೂ ಹೀಗೇ.

ಕರಿಹಂಡೆ:
ಈ ಬ್ಯಾಚ್?

ನುಚ್ಚುರವೆ:
ಡ್ರೈ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮಾಲ್ಟ್ ಸಾರದ ಒಣ ಪುಡಿ) 500 ಗ್ರಾಂ ಹಾಕಿದರೆ 9 ಪಾಯಿಂಟ್ ಏರಿ 1.050 ಆಗುತ್ತೆ. 2 ಲೀಟರ್ ವರ್ಟ್ ತೆಗೆದು, ತಣ್ಣಗಿರುವಾಗಲೇ ಪುಡಿ ಕದಡಿ. ಆವಿ ತಾಗಿದರೆ ಪುಡಿ ಚಮಚಕ್ಕೇ ಅಂಟಿಕೊಳ್ಳುತ್ತೆ. ದೊಡ್ಡ ಪಾತ್ರೆಯಲ್ಲಿ 10 ನಿಮಿಷ ಕುದಿಸಿ, ನೊರೆ ಜೋರಾಗಿ ಉಕ್ಕುತ್ತೆ. ಮುಚ್ಚಿ ಆರಿಸಿ, ವಾಪಸ್ ಸೇರಿಸಿ, ಇವತ್ತೇ ಯೀಸ್ಟ್ ಹಾಕಿಬಿಡಿ.