ಪದ ಬೇಕು: ‘ಅನ್‌ಮಾರ್ಕ್ಡ್’ ಪಿಂಗಾಣಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸೆಕೆಂಡ್‌ಹ್ಯಾಂಡ್ ಪಿಂಗಾಣಿ ಕೊಳ್ಳುವವರಿಗಾಗಿ ಬರೆದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಳಿಸಲೇಬೇಕು. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ತಳದಲ್ಲಿ ತಯಾರಕರ ಮಾರ್ಕ್ ಇಲ್ಲದ ಹಳೆ ತಟ್ಟೆ, ಬಟ್ಟಲು ಎಲ್ಲಿಯದು, ಯಾವ ಕಾಲದ್ದು ಅಂತ ತಿಳಿಯುವ ವಿಷಯ. ‘ಗುರುತಿಲ್ಲದ ಪಿಂಗಾಣಿಯನ್ನು ಗುರುತಿಸುವುದು’ ಅಂತ ಬರೆದೆ, ಓದಿ ನನಗೇ ನಗು ಬಂತು. ‘ಮುದ್ರೆಯಿಲ್ಲದ’ ಅಂದರೆ ನಡೆಯುತ್ತಾ?

ಹಾಗೇ ‘ಫುಟ್ ರಿಮ್’ಗೂ ಒಂದು ಪದ ಬೇಕು. ಬಟ್ಟಲು ನಿಲ್ಲುವುದಕ್ಕೆ ತಳದಲ್ಲಿ ಸುತ್ತ ಎದ್ದಿರುತ್ತದಲ್ಲ, ಅದು.

ಮರು:

ನಡೆಯಲ್ಲ. ಪಿಂಗಾಣಿಯ ಮೇಲೆ ಕೈಯಿಂದ ಬರೆದ ಚಿತ್ರ ಇರುತ್ತದೆ, ತಾಮ್ರದ ತಗಡಿನಿಂದ ಕಾಗದಕ್ಕೆ ತೆಗೆದು ಪಾತ್ರೆಗೆ ಇಳಿಸಿದ ಚಿತ್ರವೂ ಇರುತ್ತದೆ. ಎರಡನೆಯದನ್ನು ಮುಂದೆ ನೀವೇ ‘ಮುದ್ರಿತ’ ಅಂತೀರಿ. ಆಗ ‘ಮುದ್ರೆಯಿಲ್ಲದ ಮುದ್ರಿತ ಬಟ್ಟಲು’ ಆಗುತ್ತದೆ. ‘ಅಚ್ಚಿಲ್ಲದ’ ಅನ್ನಲೂ ಬರದು, ಎಷ್ಟೋ ಪಾತ್ರೆಗಳನ್ನು ಎರಕ ಹೊಯ್ಯುವುದೇ ಅಚ್ಚಿನಲ್ಲಿ. ‘ಮೊಹರಿಲ್ಲದ’ ಅನ್ನಿ, ಮುಗೀತು.

ಮರು: ಮರು:

ಮುಗೀಲಿಲ್ಲ. ಮೊಹರು ಅಂದರೆ ಒತ್ತಿದ್ದು. ಜರ್ಮನಿಯ ಮೈಸನ್ ಪಿಂಗಾಣಿ ಕಾರ್ಖಾನೆಯ ಮಾರ್ಕ್ ಆದ ಅಡ್ಡಕತ್ತಿಗಳನ್ನು ಕುಂಚದಿಂದ ನೀಲಿಯಲ್ಲಿ ಬರೆಯುತ್ತಾರೆ. ಅದು ಯಾವ ಮೊಹರು?

‘ಅಂಕಿತ’ ಅನ್ನೋ ಒಳ್ಳೆ ಪದ ಇರುವಾಗ ಈ ಪರದಾಟ ಯಾಕೆ? ಅಂಕಿತವಿಲ್ಲದ ವಚನ ಸಿಕ್ಕರೆ ಮಾತಿನ ಧಾಟಿ ನೋಡುತ್ತೇವೆ. ಇಲ್ಲೂ ಹಾಗೇ, ಪಾತ್ರೆಯ ಮೈ ನೋಡಬೇಕು. ಬೆಳಕಿಗೆ ಹಿಡಿದು ಹಿಂದೆ ಬೆರಳಾಡಿಸಿದಾಗ ನೆರಳು ಕಂಡರೆ ಬಹುಮಟ್ಟಿಗೆ ಪಿಂಗಾಣಿಯೇ. ದಪ್ಪ ಇದ್ದರೆ ಪಿಂಗಾಣಿಯಲ್ಲೂ ಕಾಣದಿರಬಹುದು, ಅದು ಬೇರೆ. ಬಿಳುಪು ತುಸು ಕೆನೆಯ ಕಡೆ ವಾಲಿದ್ದರೆ ಬೋನ್ ಚೈನಾ ಇರಬಹುದು. ಅದರಲ್ಲಿ ಸುಮಾರು ಅರ್ಧದಷ್ಟು ಮೂಳೆಬೂದಿ. ತಣ್ಣನೆಯ, ನೀಲಿ ಛಾಯೆಯ ಬಿಳುಪಾದರೆ ಹಾರ್ಡ್ ಪೇಸ್ಟ್, ಅಂದರೆ ಹೆಚ್ಚು ಕಾವಿನಲ್ಲಿ ಸುಟ್ಟ ಗಟ್ಟಿ ಪಿಂಗಾಣಿ, ಅದರ ಕಡೆ ಯೋಚಿಸಿ. ಮೈಸನ್ ಕಾರ್ಖಾನೆ 1710ರಿಂದ ಮಾಡುತ್ತಾ ಬಂದದ್ದು ಆ ಬಗೆಯದು. ಮಾರ್ಕ್ ನೋಡುವುದಕ್ಕಿಂತ ಇದೇ ವಾಸಿ, ಯಾಕಂದ್ರೆ ಆ ಕತ್ತಿಗಳನ್ನು ಕದ್ದು ಬರೆದವರು ಬೇಕಾದಷ್ಟು ಜನ.

ಮರು: ಮರು: ಮರು:

‘ಅಂಕಿತ’ ಸಂಸ್ಕೃತ. ‘ಮೊಹರು’ ಪಾರಸಿ. ‘ಪಿಂಗಾಣಿ’ಯೂ ಪಾರಸಿಯ ‘ಪಿಂಗಾನ್’, ಅರಬರ ‘ಫಿಂಜಾನ್’ ಕೂಡ ಅದೇ ಬಟ್ಟಲು. ಅದನ್ನು ಯಾಕೆ ಯಾರೂ ಪ್ರಶ್ನಿಸುತ್ತಿಲ್ಲ? ‘ಕುರುಹಿಲ್ಲದ ಬೆಳ್ಮಣ್ಣಿನ ಸಾಮಾನು’ ಅನ್ನಿ. ಫುಟ್ ರಿಮ್‌ಗೆ ‘ಸಿಂಬೆ’. ಎರವಲಿಗೆ ಕೈಚಾಚುವ ಮುಂಚೆ ಮನೆಯೊಳಗೆ ಒಮ್ಮೆ ಹುಡುಕಬೇಕು.

ಮರು: ಮರು: ಮರು: ಮರು:

‘ಸಾಮಾನು’ ಯಾವ ಮನೆಯೊಳಗೆ ಸಿಕ್ಕಿತು ಸ್ವಾಮಿ? ಅದೂ ಪಾರಸಿಯೇ.

ಬೆಳ್ಮಣ್ಣು ಅಂದರೆ ಸುಡುವ ಮುಂಚಿನ ಮಣ್ಣು. ಅದಕ್ಕೆ ಲೋಕವೆಲ್ಲ ಕಾವೋಲಿನ್ ಅನ್ನುತ್ತದೆ, ಚೀನಾದ ಗಾವೋಲಿಂಗ್ ಅನ್ನೋ ಊರಿನ ಹೆಸರು. ಇಂಗ್ಲಿಷಿನ ‘ಪೋರ್ಸಲೇನ್’ ಇಟಲಿಯಲ್ಲಿ ಕವಡೆಗಿದ್ದ ಹೆಸರಿನಿಂದ ಬಂದದ್ದು. ಹೊಳಪು ಒಂದೇ ಥರ ಕಂಡಿತು, ಹೆಸರು ಅಂಟಿತು. ಇಂಗ್ಲಿಷಿನವರು ಅದರಿಂದ ಬಡವಾಗಲಿಲ್ಲ. ಪಿಂಗಾಣಿ ಕನ್ನಡವೇ, ಬಿಡಿ.

ಸಿಂಬೆ ಪಾತ್ರೆಯಿಂದ ಬೇರೆ ಇರುತ್ತದೆ, ಎತ್ತಿಡಬಹುದು. ಇದು ಪಾತ್ರೆಯದ್ದೇ ಭಾಗ. ‘ತಳದ ಬಳೆ’ ಸಾಕು. ಗ್ಲೇಜ್ (ಮೇಲಿನ ಗಾಜಿನಂಥ ಲೇಪ) ಇಲ್ಲದೆ ಬಿಟ್ಟಿದ್ದರೆ ಒಳಮಣ್ಣು ಕಾಣುವ ಜಾಗ ಬಹುಮಟ್ಟಿಗೆ ಅದೊಂದೇ, ಹಾಗಾಗಿ ಕೈಪಿಡಿಯಲ್ಲಿ ಈ ಪದ ಹೆಜ್ಜೆಹೆಜ್ಜೆಗೂ ಬರುತ್ತದೆ. ಚಿಕ್ಕದಿದ್ದರೆ ಒಳ್ಳೆಯದು.

ಇನ್ನು ತಲೆಬರಹ. ‘ಗುರುತು ಹಾಕದ’ ಅಂತ ಮಾತ್ರ ಬರೆಯಬೇಡಿ. ಹಾಕಿದ್ದು ಹೋಗಿರಲೂಬಹುದು: ಕಾಗದದ ಲೇಬಲ್ ತೊಳೆದಾಗ ಹೋಗುತ್ತದೆ. ಎಷ್ಟೋ ಸೆಟ್‌ಗಳಲ್ಲಿ ಕೆಲವಕ್ಕೆ ಮಾತ್ರ ಮಾರ್ಕ್ ಇರುತ್ತದೆ, ಜೋಡಿ ಕಳೆದುಕೊಂಡ ಸಾಸರ್ ಒಂಟಿಯಾಗಿ ಅಂಗಡಿಗೆ ಬಂದಿರುತ್ತದೆ. ಮಾರ್ಕ್ ಇಲ್ಲ ಅಂದರೆ ತುಂಬಾ ಹಳೆಯದು ಅಂತ ಕೈಪಿಡಿಯಲ್ಲಿ ಇದ್ದರೆ ಅದನ್ನೂ ತಿದ್ದಿ. ಆಮದಾದ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1891ರಿಂದ ಕಡ್ಡಾಯ ಮಾಡಿತು, ಅದನ್ನು ಹಿಡಿದುಕೊಂಡು ಹೆಸರಿಲ್ಲದ್ದೆಲ್ಲ ಅದಕ್ಕೂ ಹಿಂದಿನದು ಅನ್ನುತ್ತಾರೆ. ಬೇರೆ ದೇಶದಲ್ಲಿ ಮಾರಿದ್ದಕ್ಕೆ ಆ ಕಾನೂನು ಎಲ್ಲಿ ಬರುತ್ತದೆ?

ತೊಡಕು ‘ಗುರುತು’ ಪದದಲ್ಲಿಲ್ಲ, ‘ಗುರುತಿಸು’ನಲ್ಲಿದೆ. ಕ್ರಿಯಾಪದ ಬದಲಿಸಿ.

ಮರು: ಮರು: ಮರು: ಮರು: ಮರು:

ಎಲ್ಲರಿಗೂ ಥ್ಯಾಂಕ್ಸ್. ‘ತಯಾರಕರ ಗುರುತಿಲ್ಲದ ಹಳೆ ಪಿಂಗಾಣಿ: ಪತ್ತೆ ಹಚ್ಚುವ ಬಗೆ’ ಅಂತ ಕಳಿಸುತ್ತಿದ್ದೇನೆ. ಒಳಗೆ ‘ತಳದ ಬಳೆ’. ಅಂಕಿತ ಇಷ್ಟವಾಯಿತು, ಆದರೆ ಓದುಗರು ಕಲಾವಿದರ ಸಹಿ ಅಂದುಕೊಂಡಾರು. ಚಿತ್ರ ಬರೆದವರ ಸಹಿ ಕೆಲವು ತಟ್ಟೆಗಳ ಮೇಲೆ ಬೇರೆಯೇ ಇರುತ್ತದೆ.

ಮರು: ಮರು: ಮರು: ಮರು: ಮರು: ಮರು:

‘ಪತ್ತೆ’ಯೂ ಎರವಲು.

ಮರು: ಮರು: ಮರು: ಮರು: ಮರು: ಮರು: ಮರು:

ಗೊತ್ತು. ‘ತಯಾರಕ’ ಬಿಟ್ಟಿರಿ ನೋಡಿ.